ದೊಡ್ಡಮ್ಮನ ಬಲಹೆಗಲು

ಉತ್ತರದ ಚಳಿದೇಶದ ಓರೆಬ್ರೂ ಊರಿನಲ್ಲಿರುವ ಮಗಳ ಮನೆಯ ಅಡುಗೆಮನೆಯಲ್ಲಿ ಒಂದು ಶನಿವಾರ ಬೆಳಿಗ್ಗೆ ಬಂದೂಕಿಗೆ ಹಾಕುವ ಎಣ್ಣೆಯ ವಾಸನೆ ಬಂತು. ನಾನು ಆಗಷ್ಟೇ ಹಾಸಿಗೆ ಮಡಚಿಟ್ಟು, ಪರದೆ ಸರಿಸಿ, ಹೊರಗೆ ಇನ್ನೂ ಮಬ್ಬಿದ್ದುದರಿಂದ ಕೋಣೆಯೊಳಗೇ ನನ್ನ ನಡಿಗೆ ಮುಗಿಸಿ ಕಾಫಿಗೆಂದು ಬಂದಿದ್ದೆ. ಸೆಪ್ಟೆಂಬರ್ ಕಳೆಯುತ್ತ ಬಂದರೆ ಇಲ್ಲಿ ಬೆಳಕು ದಿನದಿನಕ್ಕೂ ಹಿಂದೆ ಸರಿಯುತ್ತದೆ. ದಾವಣಗೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರಾಗಿ ಗಂಟೆ, ಸೀಟಿ, ಸಾಲು ಎಂದು ಬದುಕಿದವಳಿಗೆ, ಸೂರ್ಯನೇ ಹಾಜರಿ ತಪ್ಪಿಸುವ ಊರಿನಲ್ಲಿ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ರೈಫಲ್ ಇಟ್ಟುಕೊಂಡು, ಅದರ ನಳಿಗೆಯೊಳಗೆ ಬಟ್ಟೆಯ ಚೂರು ತೂರಿಸಿ ಎಳೆಯುತ್ತ ಕುಳಿತಿದ್ದಳು ಮೊಮ್ಮಗಳು ತನ್ವಿ. ಆ ವಾಸನೆ ಹೇಗಿರುತ್ತದೆಂದು ಹೇಳುವುದು ಕಷ್ಟ. ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟ ಕಬ್ಬಿಣ. ಹೊಲಿಗೆ ಯಂತ್ರದ ಎಣ್ಣೆಗೆ ದೀಪಾವಳಿಯ ಮರುದಿನದ ಅಂಗಳ ಸೇರಿದ ಹಾಗೆ. ನಾನು ಬೆಳೆದ ಮನೆಯ ಮಣ್ಣಿನ ಗೋಡೆಯ ಒಂದು ಗೂಡು ಕಣ್ಣ ಮುಂದೆ ಬಂತು. ಗೂಡಿನಲ್ಲಿ ಎಣ್ಣೆಯ ಪುಟ್ಟ ಹಿತ್ತಾಳೆ ಡಬ್ಬಿ, ಪಕ್ಕದಲ್ಲಿ ಉದ್ದಕ್ಕೆ ಹರಿದು ಮಡಚಿಟ್ಟ ಹಳೆಯ ಪಂಚೆಯ ಪಟ್ಟಿಗಳು. ನನಗೆ ಕೂರಲಾಗಲಿಲ್ಲ. ಲೋಟ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಅತ್ತಿಂದಿತ್ತ ತಿರುಗತೊಡಗಿದೆ.

ತನ್ವಿ ಇಲ್ಲೇ ಬೆಳೆದವಳು. ಇಲ್ಲಿಯವರು ದಾಗಿಸ್ ಎನ್ನುವ ಶಿಶುವಿಹಾರದಲ್ಲಿ ನಡೆಯಲು ಕಲಿತು, ಈಗ ಈ ಊರಿನ ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದಾಳೆ. ಜೊತೆಯಲ್ಲಿ ಕೆಲಸ ಮಾಡುವವರನ್ನು ನೋಡಿ ಇಲ್ಲಿ ಬೇಟೆಯಾಡಲು ಬೇಕಾದ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡಿದ್ದಳು. ಅಕ್ಟೋಬರಿನಲ್ಲಿ ಎಲ್ಕ್ ಎನ್ನುವ ಭಾರೀ ಜಿಂಕೆಯ ಬೇಟೆ ಶುರುವಾದಾಗ ಪಕ್ಕದ ಹಳ್ಳಿಯೊಂದರ ತಂಡ ಮೊದಲ ಬಾರಿಗೆ ಅವಳನ್ನೂ ಸೇರಿಸಿಕೊಳ್ಳುವುದಿತ್ತು. ಅವಳ ತಾಯಿಗೆ, ಅಂದರೆ ನನ್ನ ಮಗಳು ಶುಭಾಗೆ, ಇದು ಸುತರಾಂ ಇಷ್ಟವಿಲ್ಲ. "ಅಮ್ಮಾ, ನೀನಾದ್ರೂ ಹೇಳು. ಎಲ್ಲರ ಮಕ್ಕಳು ಭರತನಾಟ್ಯ ಕಲೀತಾರೆ, ಇವಳು ಬಂದೂಕು ಹಿಡ್ಕೊಂಡು ಕೂತಿದಾಳೆ," ಎಂದು ಅವತ್ತೂ ಶುರು ಮಾಡಿದಳು. ತನ್ವಿ ತಲೆಯೆತ್ತದೆ, "ಫ್ರೀಜರ್ ತುಂಬಿದ್ಮೇಲೆ ಮೊದ್ಲು ಬಿರಿಯಾನಿ ಮಾಡೋದು ನೀನೇ, ನೋಡ್ತಿರು," ಎಂದಳು. ತಾಯಿ ಸ್ನಾನಕ್ಕೆ ಹೋದ ಮೇಲೆ ಫೋನನ್ನು ನನ್ನ ಮುಖಕ್ಕೆ ಹಿಡಿದಳು.

"ಅಜ್ಜಿ, ಇದು ಬೈಪಾಡ್. ರೈಫಲ್ ಅಲ್ಲಾಡದ ಹಾಗೆ ಮುಂದೆ ಕೆಳಗಡೆ ಹಾಕೋದು, ಎರಡು ಕಾಲು. ಕಾರ್ಬನ್ ಫೈಬರ್, ಒಂದು ಸೇಬಿನಷ್ಟೂ ವೆಯ್ಟ್ ಇಲ್ಲ. ತಗೊಳ್ಳಾ, ಬೇಡ್ವಾ?"

"ನಿಮ್ಮ ತಂಡದವರು ಏನಂತಾರೆ?"

"ಲೆನ್ನಾರ್ಟ್ ನಗ್ತಾನೆ. ಬೈಪಾಡ್ ಬೇಕಾಗಿರೋದು ಅಂಗಡಿಯವನಿಗಂತೆ, ನಂಗಲ್ಲವಂತೆ." ಲೆನ್ನಾರ್ಟ್ ಎಂದರೆ ತಂಡದ ಹಿರಿಯ, ನನ್ನ ವಯಸ್ಸಿನವನು. ತನ್ವಿ ಬಟ್ಟೆಯ ಚೂರನ್ನು ಸುತ್ತಿ ಬಿಚ್ಚಿ ಮಾಡುತ್ತ ಕುಳಿತಳು. ಆಮೇಲೆ ದನಿ ಇಳಿಸಿ, "ನಂಗೆ ಒಂದೇ ಭಯ ಅಜ್ಜಿ. ಕೈ ಶೇಕ್ ಆಗಿ ಎಲ್ಲೋ ತಗುಲಿಬಿಟ್ರೆ? ಸಾಯದೇ ಓಡಿಹೋಗ್ಬಿಟ್ರೆ?" ಎಂದಳು.

ಈ ಭಯ ನನಗೆ ಗೊತ್ತು. ನಾನು ಬೆಳೆದ ಮನೆಯಲ್ಲಿ ಈ ಭಯಕ್ಕೆಂದೇ ಒಂದು ಕಟ್ಟಳೆಯಿತ್ತು.

ಅದು ಚಿತ್ರದುರ್ಗದ ಆಚೆ, ಕುರುಚಲು ಕಾಡಿನ ಬೋಳುಗುಡ್ಡವೊಂದರ ಬುಡದಲ್ಲಿದ್ದ ಹಳ್ಳಿ. ನನ್ನ ತಂದೆಗೆ ರೈಲ್ವೆಯಲ್ಲಿ ಕೆಲಸ, ಮೇಲಿಂದ ಮೇಲೆ ವರ್ಗ. ಶಾಲೆ ತಪ್ಪಬಾರದೆಂದು ನನ್ನನ್ನು ದೊಡ್ಡಪ್ಪ ದೊಡ್ಡಮ್ಮನ ಬಳಿ ಬಿಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಮಣ್ಣಿನ ಮಾಳಿಗೆಯ ಮನೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಮಡಕೆಯ ನೀರಿನ ತಂಪು, ಮಳೆ ಎರಡು ಹನಿ ಬಿದ್ದರೂ ಮಾಳಿಗೆಯ ಕರಲು ಮಣ್ಣಿನಿಂದ ಏಳುವ ಉಪ್ಪುಪ್ಪು ವಾಸನೆ. ದೊಡ್ಡಪ್ಪ ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದವರು. ಊರಿಗೆ ಬಂದರೂ ಪರೇಡು ಬಿಟ್ಟಿರಲಿಲ್ಲ. ಕೋಳಿ ಕೂಗುವ ಮುಂಚೆ ಅವರ ಕೆಮ್ಮು ಕೇಳಿಸುತ್ತಿತ್ತು. ಆ ಕೆಮ್ಮಿಗೆ ನಾನು ಎದ್ದು, ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಬಾವಿಕಟ್ಟೆಯ ಹತ್ತಿರ ನಿಲ್ಲಬೇಕು. ಉಗುರು, ಹಲ್ಲು, ಕಿವಿಯ ಹಿಂಭಾಗ ಎಲ್ಲದರ ತಪಾಸಣೆ. ಚಪ್ಪಲಿಗಳು ಹೊಸಿಲಿನ ಹೊರಗೆ ಒಂದೇ ಗೆರೆಯಲ್ಲಿರಬೇಕು. ಬಂದ ನೆಂಟರ ಚಪ್ಪಲಿಯನ್ನೂ ಸಾಲಿಗೆ ತರುವುದು ನನ್ನ ಕೆಲಸ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬೇಕು, ಅವರು ಒಳಗೆ ಬಂದರೆ ಪಾತ್ರೆಗಳೂ ಸದ್ದು ನಿಲ್ಲಿಸುವಂಥವರು. ಆಗ ಅವರು ಯಾವಾಗ ಹೊರಗೆ ಹೋಗುತ್ತಾರೋ ಎಂದು ಕಾಯುತ್ತಿದ್ದೆವು. ಈಗ ಆ ಕೆಮ್ಮು ಇನ್ನೊಮ್ಮೆ ಕೇಳಿಸಿದರೆ ಎದ್ದು ನಿಂತೇನು ಅನ್ನಿಸುತ್ತದೆ.

ದೊಡ್ಡಪ್ಪನ ಬಳಿ ಲೈಸೆನ್ಸು ಇದ್ದ ಜೋಡುನಳಿಗೆ ಕೋವಿಯಿತ್ತು. ಬೇಟೆಗೆ ಇನ್ನೂ ಅಡ್ಡಿಯಿಲ್ಲದಿದ್ದ ಕಾಲ ಅದು. ಶೇಂಗಾ ಬಲಿಯುವ ಹೊತ್ತಿಗೆ ಗುಡ್ಡದಿಂದ ಕಾಡುಹಂದಿಗಳು ಇಳಿದು, ಸಾಲಿಗೆ ಸಾಲೇ ಮೂತಿಯಿಂದ ಉತ್ತು ಹೋಗುತ್ತಿದ್ದವು. ಊರಿನವರು ಬಂದು ಅಂಗಳದಲ್ಲಿ ನಿಂತರೆ ದೊಡ್ಡಪ್ಪ ಕೋವಿ ತೆಗೆದುಕೊಂಡು ಹೊರಡುತ್ತಿದ್ದರು. ಹೊಡೆದ ಹಂದಿ ಊರಿಗೆಲ್ಲ ಪಾಲಾಗುತ್ತಿತ್ತು, ನಾಯಿಗಳಿಗೂ ಸೇರಿ. ಆದರೆ ಅವರ ತಂದೆಯ ಕಾಲದಿಂದ ಆ ಮನೆಯಲ್ಲಿ ನಡೆದುಬಂದ ಕಟ್ಟಳೆಯೊಂದಿತ್ತು: ಪ್ರಾಣಿ ಗಾಯಗೊಂಡು ತಪ್ಪಿಸಿಕೊಂಡರೆ, ಹೊಡೆದವನು ಅದನ್ನು ಹುಡುಕಿ ಮುಗಿಸಿ ಬರುವ ತನಕ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಅದು ನೋವಿನಲ್ಲಿ ಬಿದ್ದಿರುವಾಗ ನಾವು ಬಿಸಿಯೂಟ ಉಣ್ಣಬಾರದು, ಅಷ್ಟೇ. ಮಕ್ಕಳಿಗೂ ವಿನಾಯಿತಿ ಇರಲಿಲ್ಲ. ನಾನು ಅಲ್ಲಿಗೆ ಬಂದ ಮೇಲೆ ಒಲೆ ಆರಿದ್ದನ್ನು ನೋಡಿರಲಿಲ್ಲ. ದೊಡ್ಡಪ್ಪನ ಗುಂಡು ಹಾಗೆ ತಪ್ಪುತ್ತಿರಲಿಲ್ಲ.

ಒಂದು ವರ್ಷ ಅವರ ಕೈ ನಡುಗತೊಡಗಿತು. ಮೊದಲು ಕಂಡದ್ದು ಕಾಫಿಯ ಬಸಿಯಲ್ಲಿ. ಲೋಟ ಬಸಿಗೆ ತಾಗಿ ಸಣ್ಣಗೆ ಕಿಣಿಕಿಣಿ. ದೊಡ್ಡಮ್ಮ ಬಸಿ ಕೊಡುವುದನ್ನೇ ನಿಲ್ಲಿಸಿದರು. ಆಮೇಲೆ ಕ್ಷೌರದ ಕತ್ತಿಯ ಗೀರುಗಳು. ಆ ಹಂಗಾಮಿನ ಮೊದಲ ಹಂದಿಗೇ ಗುಂಡು ಹಿಂಗಾಲಿಗೆ ತಗುಲಿ, ಅದು ಕಿರುಚುತ್ತ ಕುರುಚಲಿನೊಳಗೆ ನುಗ್ಗಿತು. ದೊಡ್ಡಪ್ಪ ಅದರ ಹಿಂದೆಯೇ ಹೋದರು. ದೊಡ್ಡಮ್ಮ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಬೂದಿ ಎಳೆದು, ಬಾಗಿಲಲ್ಲಿ ಕುಳಿತರು. ಆ ಹಗಲು ಮುಗಿಯಲೊಲ್ಲದು. ಹಿಂದಿನ ದಿನದ ರೊಟ್ಟಿಯ ಚೂರು ಕೊಟ್ಟರು. ನಾನು ಚಪ್ಪಲಿ ಸಾಲು ಮಾಡಿದೆ, ಕೆಡಿಸಿದೆ, ಮತ್ತೆ ಸಾಲು ಮಾಡಿದೆ. ದೊಡ್ಡಮ್ಮ ಎದ್ದು ಗುಡ್ಡ ನೋಡಿ, ಕೂತು, ಮತ್ತೆ ಎದ್ದು ನೋಡುತ್ತಿದ್ದರು. ಹೊತ್ತು ಮುಳುಗುವ ಮುಂಚೆ ದೂರದಲ್ಲಿ ಕೋವಿಯ ಒಂದು ಈಡು ಕೇಳಿಸಿತು. ಆಗ ಅವರು ಬೆಂಕಿಪೊಟ್ಟಣಕ್ಕೆ ಕೈ ಹಾಕಿದರು. ದೊಡ್ಡಪ್ಪ ಮುಳ್ಳು ಗೀರಿದ ಮುಖ ಹೊತ್ತು ಬಂದು, ಊಟಕ್ಕೆ ಕೂತು, ತಟ್ಟೆಯ ಮುಂದೆ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡರು. ಅನ್ನ ಆರಿತು.

ಊರು ಸುಮ್ಮನಿರುತ್ತದೆಯೇ? "ಸುಬೇದಾರ್ರು ಹಂದಿ ಹೊಡೀಲಿಲ್ಲ, ಹಂದಿಗೆ ಸೆಲ್ಯೂಟ್ ಹೊಡೆದ್ರು" ಎಂದು ಟೀ ಅಂಗಡಿಯಲ್ಲಿ ಮಾತು ಹುಟ್ಟಿ ನಮ್ಮ ಬಾವಿಕಟ್ಟೆಯ ತನಕ ಬಂತು. ಪಕ್ಕದ ಹೊಲದ ರಂಗಪ್ಪನವರು ಮಾತ್ರ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಒಂದು ಕವೆಗೋಲು ಕಡಿದು ಕೊಡ್ತೀನಿ ತಗಳ್ರಿ. ಕವೆ ಮ್ಯಾಲೆ ಕೋವಿ ಇಟ್ರೆ ಅಳ್ಳಾಡಾಕಿಲ್ಲ." ಅಂಗಳದಲ್ಲಿ ನಾಲ್ಕು ಜನ ಇದ್ದರು. ದೊಡ್ಡಪ್ಪನ ಮೀಸೆ ನೆಟ್ಟಗಾಯಿತು. "ಕೋವಿಗೆ ಕೋಲು ಕೊಟ್ಟ ದಿನ ಕೋವೀನ ಠಾಣೆಗೆ ಒಪ್ಪಿಸ್ತೀನಿ," ಎಂದುಬಿಟ್ಟರು. ನಾಲ್ಕು ಜನರ ಮುಂದೆ ಆಡಿದ ಮಾತು ಅವರಿಗೆ ಸರ್ಕಾರಿ ಹುಕುಂ ಇದ್ದಂತೆ, ತಾವೂ ಮುರಿಯುವಂತಿಲ್ಲ. ಆಮೇಲೆ ಅವರು ನಿಂತಲ್ಲಿ ನಿಲ್ಲಲಿಲ್ಲ. ಅಂಗಳದ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಕೋಲು ಹಿಡಿದರೆ ಕೋವಿ ಹೋಯಿತು. ಹಿಡಿಯದಿದ್ದರೆ ಇನ್ನೊಂದು ಪ್ರಾಣಿ ಕಾಲು ಎಳೆದುಕೊಂಡು ಗುಡ್ಡ ಹತ್ತೀತು. ಕೋವಿಯಿಲ್ಲದ ಸುಬೇದಾರ ಆ ಊರಿನಲ್ಲಿ ಏನಾಗಿ ಉಳಿಯುತ್ತಾನೆ ಎಂಬುದು ಅವರಿಗೂ ಗೊತ್ತಿತ್ತು, ದೊಡ್ಡಮ್ಮನಿಗೂ ಗೊತ್ತಿತ್ತು.

ಎರಡು ದಿನ ಈ ಓಡಾಟ ನೋಡಿ, ಮೂರನೆಯ ಸಂಜೆ ದೊಡ್ಡಮ್ಮ ಮೊರದಿಂದ ಕಣ್ಣೆತ್ತದೆ ಹೇಳಿದರು: "ನಾಳೆ ಹೊಲಕ್ಕೆ ನಾನೂ ಬರ್ತೀನಿ."

"ನೀನ್ಯಾಕೆ?"

"ಕೋವಿ ಇಡಾಕೆ ಜಾಗ ಬೇಕಲ್ಲ. ನನ್ ಹೆಗಲೈತೆ."

"ತಲೆ ಕೆಟ್ಟಿದೆಯೇನೇ? ನಾನು ಜನರ ಮುಂದೆ ಮಾತು ಆಡಿದೀನಿ."

"ನೀವಂದಿದ್ದು ಕೋಲು ಅಂತ. ನಾನೇನ್ ಕೋಲಾ? ನಿಮ್ ಹೆಂಡ್ತಿ."

ದೊಡ್ಡಪ್ಪ ಅಂಗಳಕ್ಕೆ ಇನ್ನೊಂದು ಸುತ್ತು ಹಾಕಿ ಬಂದರು. ಕೊನೆಗೆ, "ಅಲ್ಲಾಡಬಾರ್ದು," ಎಂದರು.

"ಮದ್ವೆ ಆದಾಗಿಂದ ಎಲ್ಲಿ ಅಲ್ಲಾಡಿದೀನಿ?"

ಒಮ್ಮೆ ನಾನೂ ಅವರ ಹಿಂದೆ ಹೋಗಿ ಕೂತಿದ್ದೆ. ಬೆಳ್ಳಗೆ ಬೆಳಗಾಗುವ ಹೊತ್ತು, ಹಂದಿಗಳು ಮೇಯ್ದು ಗುಡ್ಡಕ್ಕೆ ಮರಳುವ ಸಮಯ. ಮುಳ್ಳುಬೇಲಿಯ ಮರೆಯಲ್ಲಿ ದೊಡ್ಡಮ್ಮ ಚಕ್ಕಳಮಕ್ಕಳ ಹಾಕಿ ಕೂತರು. ಕಿವಿಯಲ್ಲಿ ಹತ್ತಿ, ಮೇಲೆ ಸೆರಗಿನ ಸುತ್ತು, ಬಲಹೆಗಲ ಮೇಲೆ ಮಡಚಿದ ಗೋಣಿಚೀಲ. ನೀರು ಹೊತ್ತು, ಸೌದೆ ಹೊತ್ತು ಅಗಲವಾದ ಹೆಗಲು ಅದು. ದೊಡ್ಡಪ್ಪ ಹಿಂದೆ ಮಂಡಿಯೂರಿ ಕೋವಿಯ ನಳಿಗೆಯನ್ನು ಅದರ ಮೇಲಿಟ್ಟರು. ಹತ್ತಿ ಸರಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿದರು; ಅಷ್ಟು ಸಾಕೆಂದು ಅವರು ನಂಬಿದ್ದರು, ಅವರ ಪಲ್ಟನ್ನಿನಲ್ಲಿ ಅಷ್ಟನ್ನೂ ಯಾರೂ ಇಟ್ಟುಕೊಂಡಿರಲಿಲ್ಲ. ಗುಡ್ಡದ ನೆತ್ತಿಗೆ ಬಿಸಿಲು ತಾಗಿತು. ಎಲೆಗಳ ಮೇಲಿನ ಇಬ್ಬನಿಯಲ್ಲಿ ಕಪ್ಪು ಬೆನ್ನುಗಳು ಅಲುಗಿದವು. ದೊಡ್ಡಮ್ಮ ಉಸಿರು ಹಿಡಿದದ್ದು ಬೆನ್ನಿನಲ್ಲಿ ಕಾಣುತ್ತಿತ್ತು. ಅವರು ಉಸಿರು ಹಿಡಿದಾಗ ದೊಡ್ಡಪ್ಪನೂ ಹಿಡಿದರು. ಅವರ ಕೈಯ ನಡುಕ ಆ ಹೆಗಲಿಗೆ ಇಳಿದು ಅಲ್ಲೇ ನಿಂತುಹೋಯಿತು. ಈಡು ಸಿಡಿಯಿತು. ಹಂದಿ ಇದ್ದಲ್ಲೇ ಮಗುಚಿತು. ದೊಡ್ಡಮ್ಮ ಸೀರೆ ಕೊಡವಿಕೊಂಡು ಎದ್ದು, ಊರಿಗೇ ಕೇಳುವಂತೆ, "ಬಿತ್ತಾ?" ಎಂದರು. ನಾವು ನಕ್ಕೆವು. ಆ ಹಂಗಾಮು ಪೂರ್ತಿ ಒಲೆ ಆರಲಿಲ್ಲ. ಬೇಟೆಗೆ ಹೋಗತೊಡಗಿದ ಮೇಲೆ ದೊಡ್ಡಮ್ಮನ ದನಿ ಹವಾಲ್ದಾರನದಾಯಿತೆಂದು ದೊಡ್ಡಪ್ಪನೇ ಹಾಸ್ಯ ಮಾಡುತ್ತಿದ್ದರು.

ತನ್ವಿಗೆ ಇದನ್ನೆಲ್ಲ ನಾನು ಅವತ್ತು ಹೇಳಲಿಲ್ಲ. ಮುಂದಿನ ಶನಿವಾರ ಅವಳು ಗುರಿ ಅಭ್ಯಾಸಕ್ಕೆ ಹೊರಟಾಗ, ಮನೆಯಲ್ಲಿ ಕೂತು ಕೂತು ಬೇಸತ್ತಿದ್ದ ನಾನೂ ಕಾರು ಹತ್ತಿದೆ. ಪೈನ್ ಮರಗಳ ನಡುವೆ ಬಯಲು, ಒಂದು ಮರದ ಚಾವಣಿ, ದೂರದಲ್ಲಿ ಗುರಿಹಲಗೆ. ಲೆನ್ನಾರ್ಟ್ ಬಂದು ಕೈ ಕುಲುಕಿ, ಬೇರೆ ಮಾತಿಗೆ ಮೊದಲೇ ದಪ್ಪನೆಯ ಕಿವಿಮುಚ್ಚುಗಳನ್ನು ನನ್ನ ತಲೆಗೆ ಏರಿಸಿದ. ಅದನ್ನು ಹಾಕದೆ ಯಾರೂ ಗೆರೆ ದಾಟುವಂತಿಲ್ಲವೆಂದು ತನ್ವಿ ಸನ್ನೆ ಮಾಡಿದಳು. ಅವಳು ಯಾರದೋ ಬೈಪಾಡ್ ಎರವಲು ತಂದು ಸಿಕ್ಕಿಸಿಕೊಂಡಿದ್ದಳು. ಹಲಗೆಯ ಮೇಜಿನ ಮೇಲೆ ಅದು ಚೆನ್ನಾಗಿಯೇ ನಿಂತಿತು, ಗುಂಡುಗಳೂ ಒತ್ತೊತ್ತಾಗಿ ಬಿದ್ದವು. ಅವಳ ಮುಖ ಅರಳಿತು. ಲೆನ್ನಾರ್ಟ್ ರೈಫಲ್ ಖಾಲಿ ಮಾಡಿಸಿ, ಬಯಲಿನಾಚೆ ಕಾಡಿನ ಅಂಚಿಗೆ ಕರೆದೊಯ್ದು, ಅಲ್ಲಿ ಮಲಗಿ ನೋಡು ಎಂದ. ಬೈಪಾಡಿನ ಗೇಣುದ್ದದ ಕಾಲು ಬಿಚ್ಚಿ ಅವಳು ಮಲಗಿದಳು.

"ಏನ್ ಕಾಣ್ಸುತ್ತೆ?" ಎಂದು ನಾನು ಕೇಳಿದೆ.

"ಬ್ಲೂಬೆರಿ ಗಿಡ," ಎಂದಳು ನೆಲದಿಂದ. "ಬರೀ ಬ್ಲೂಬೆರಿ ಗಿಡ, ಅಜ್ಜಿ."

ಲೆನ್ನಾರ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವಳನ್ನು ಎಬ್ಬಿಸಿ, ಎಡಗೈಯನ್ನು ಪೈನ್ ಮರದ ಕಾಂಡಕ್ಕೆ ಒತ್ತಿ ಅದರ ಮೇಲೆ ರೈಫಲ್ ಇಡುವುದನ್ನು ತೋರಿಸಿದ. ಬೇಟೆಯ ದಿನ ಕೂರುವ ಅಟ್ಟಣೆಗೆ ಕಟಕಟೆ ಇರುತ್ತದೆ, ನಡೆಯುವಾಗ ಮರಗಳಿರುತ್ತವೆ; ಪ್ರಾಣಿ ಎದ್ದು ನಡೆಯುತ್ತಿರುವಾಗ ಕಾಲು ಬಿಚ್ಚಿ ಮಲಗಲು ಯಾರು ಬಿಡುತ್ತಾರೆ ಎಂದ. ಬಯಲಿನ ಅಂಚಿನಲ್ಲಿ ಸಣ್ಣ ಜಿಂಕೆಗೆ ಕಾಯುವವರಿಗೆ ಅದು ಬೇಕಾಗಬಹುದು, ಇಲ್ಲಿ ಅದು ಪೊದೆಗೆ ಸಿಕ್ಕಿಕೊಳ್ಳುವ ವಸ್ತು. ತನ್ವಿ ಒಂದೊಂದನ್ನೂ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನನಗೆ ಅರ್ಧ ಕೇಳಿಸಿತು. ಗುಂಡಿನ ಸದ್ದು ಮತ್ತೆ ಶುರುವಾಗಿ ಕಿವಿ ಮುಚ್ಚಿಕೊಂಡಾಗ ಲೋಕವೇ ಹಿಂದೆ ಸರಿಯಿತು. ಬಾಯಿಗಳು ಆಡುತ್ತಿದ್ದವು, ಮಾತಿರಲಿಲ್ಲ. ನನ್ನಿಂದ ಅಲ್ಲಿ ನಿಲ್ಲಲಾಗಲಿಲ್ಲ. ದೂರ ನಡೆದು ಹೋಗಿ, ಕಿವಿಮುಚ್ಚುಗಳನ್ನು ಕಿತ್ತು, ಗಾಳಿಯ ಸದ್ದು ಬರುವ ತನಕ ಮರಕ್ಕೆ ಒರಗಿ ನಿಂತೆ.

ದೊಡ್ಡಮ್ಮನ ಬಲಗಿವಿಯ ವಿಷಯ ದೊಡ್ಡಪ್ಪನಿಗೆ ತಿಳಿದದ್ದು ಆ ಹಂಗಾಮಿನ ಕೊನೆಯ ಒಂದು ಮಧ್ಯಾಹ್ನ. ಶೇಂಗಾ ಕಿತ್ತು ಮನೆಗೆ ಬಂದಿತ್ತು, ದೊಡ್ಡಮ್ಮ ಅಂಗಳದಲ್ಲಿ ಕಾಯಿ ಬಿಡಿಸುತ್ತಿದ್ದರು. ದೊಡ್ಡಪ್ಪ ಅವರ ಬಲಗಡೆಗಿದ್ದ ಬಾಗಿಲಿನಿಂದ ನೀರು ಕೇಳಿದರು. ದೊಡ್ಡಮ್ಮ ಕಾಯಿ ಬಿಡಿಸುತ್ತಲೇ ಇದ್ದರು. ಇನ್ನೊಮ್ಮೆ ಕೇಳಿದರು, ಪರೇಡಿನ ದನಿಯಲ್ಲಿ. ಬೇಲಿಯ ಮೇಲಿನ ಗುಬ್ಬಿಗಳು ಹಾರಿದವು, ದೊಡ್ಡಮ್ಮ ತಲೆಯೆತ್ತಿ ಎಡಗಡೆಗೆ, ಯಾರೂ ಇಲ್ಲದ ಬೇಲಿಯತ್ತ ನೋಡಿ ಮತ್ತೆ ಕಾಯಿಗೆ ಬಗ್ಗಿದರು. ದೊಡ್ಡಪ್ಪ ಸದ್ದಿಲ್ಲದೆ ಹತ್ತಿರ ಬಂದು ಬಲಗಿವಿಯ ಬಳಿ ಚಿಟಿಕೆ ಹೊಡೆದರು. ಆಮೇಲೆ ಸುತ್ತಿ ಎಡಕ್ಕೆ ಬಂದು ಹೊಡೆದರು. ದೊಡ್ಡಮ್ಮ ತಿರುಗಿ, "ಯಾವಾಗ ಬಂದ್ರಿ?" ಎಂದರು.

"ಯಾವಾಗಿಂದ ಇದು?"

ಅವರು ಸುಳ್ಳು ಹೇಳಲಿಲ್ಲ. "ಎರಡ್ನೇ ಹಂದಿಯಿಂದ. ಮೊದ್ಲು ಗುಂಯ್ ಅಂತಿತ್ತು, ಆಮೇಲೆ ಅದೂ ನಿಂತೋಯ್ತು. ಹೇಳಿದ್ರೆ ನೀವು ಕೋವಿ ಬಿಡ್ತಿದ್ರಿ."

ಮರುದಿನ ಬೆಳಿಗ್ಗೆ ದೊಡ್ಡಪ್ಪ ಇಸ್ತ್ರಿ ಮಾಡಿದ ಖಾಕಿ ಕೋಟು ಹಾಕಿಕೊಂಡು, ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ, ಮೊದಲ ಬಸ್ಸಿಗೆ ತಾಲ್ಲೂಕಿನ ಠಾಣೆಗೆ ಹೋದರು. ಬಾಗಿಲಲ್ಲಿ ದೊಡ್ಡಮ್ಮ, "ನಂಗೆ ಇನ್ನೊಂದು ಕಿವಿ ಐತೆ ಕಣ್ರಿ," ಎಂದರು. ಅದಕ್ಕೇ ಹೋಗುತ್ತಿದ್ದೇನೆ ಎಂಬಂತೆ ಅವರು ತಲೆ ಆಡಿಸಿದರು. ಸಂಜೆ ಬರಿಗೈಯಲ್ಲಿ ಬಂದಾಗ ಆ ಕೈಗಳನ್ನು ಎಲ್ಲಿಡಬೇಕೆಂದು ಅವರಿಗೆ ತೋಚಲಿಲ್ಲ. ಕೋಟಿನ ಜೇಬಿಗೆ ಹಾಕಿದರು, ತೆಗೆದರು, ಹಿಂದೆ ಕಟ್ಟಿಕೊಂಡರು. ಟೀ ಅಂಗಡಿಯ ಮಾತು ಈ ಸಲ ಅವರನ್ನು ಮುಟ್ಟಲಿಲ್ಲ. ಕೈಯ ನಡುಕವನ್ನು ಇನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ.

ಗುರಿ ಅಭ್ಯಾಸದಿಂದ ಮರಳುವಾಗ ಕಾರಿನಲ್ಲಿ ಇದನ್ನು ತನ್ವಿಗೆ ಹೇಳಿದೆ. "ಹಾಗಾದ್ರೆ ಬೈಪಾಡ್ ತಗೋಬೇಕಾ, ಬೇಡ್ವಾ?" ಎಂದು ಅವಳು ಕೇಳಿದಳು.

"ಈ ಕಾಡಿಗೆ ಬೇಡ," ಎಂದೆ. "ಆದರೆ ಕೈ ನಡುಗಿದ್ರೆ ನಡುಗ್ತಿದೆ ಅಂತ ಬಾಯಿಬಿಟ್ಟು ಹೇಳು. ಲೆನ್ನಾರ್ಟ್‌ಗೂ ಹೇಳು. ಒರಗಿಸೋಕೆ ಮರ ಸಿಗದಿದ್ರೆ ಗುಂಡು ಹೊಡೀಬೇಡ, ಬರಿಗೈಲಿ ಮನೆಗೆ ಬಾ. ಊಟಕ್ಕೇನೂ ಕಮ್ಮಿ ಇಲ್ಲ."

"ಯೆಸ್ ಮೇಡಂ," ಎಂದು ಅವಳು ಸ್ಟಿಯರಿಂಗ್ ಬಿಟ್ಟು ಸೆಲ್ಯೂಟ್ ಹೊಡೆದಳು. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ ಎಂದು ಗದರಿದೆ.

ಆ ಮನೆ ಈಗ ಇಲ್ಲ. ಮಾಳಿಗೆ ಕುಸಿದು ಮಣ್ಣಿಗೆ ಮಣ್ಣು ಸೇರಿತು. ಶೇಂಗಾದ ಹೊಲಗಳ ಮೇಲೆ ಸೋಲಾರ್ ಫಲಕಗಳು ಸಾಲಾಗಿ ನಿಂತಿವೆಯಂತೆ. ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಅವರನ್ನು ಕಂಡು ಬಲ್ಲವರು ಆ ಊರಿನಲ್ಲಿ ಬೆರಳೆಣಿಕೆಗೂ ಸಿಗುವುದಿಲ್ಲ. ನನಗೆ ಈಗ ಹೆಚ್ಚಾಗಿ ಕಾಣುವುದು ಕೋವಿ ಹೋದ ಮೇಲಿನ ವರ್ಷಗಳ ಒಂದು ದಾರಿ. ಆ ಸೀಮೆಯಲ್ಲಿ ಗಂಡಸು ಮುಂದೆ ನಡೆಯುತ್ತಿದ್ದ, ಹೆಂಡತಿ ನಾಲ್ಕು ಮಾರು ಹಿಂದೆ ಬರುತ್ತಿದ್ದಳು. ಸಂತೆಗೆ ಹೋದರೂ ಹಾಗೆಯೇ, ಸಾವಿನ ಮನೆಗೆ ಹೋದರೂ ಹಾಗೆಯೇ. ದೊಡ್ಡಪ್ಪನೂ ಜೀವಮಾನವೆಲ್ಲ ಹಾಗೆಯೇ ನಡೆದವರು. ಅಂಥವರು ಸಂತೆಯ ದಾರಿಯ ಧೂಳಿನಲ್ಲಿ, ಊರೆಲ್ಲ ನೋಡುತ್ತಿರುವಾಗ, ದೊಡ್ಡಮ್ಮನ ಎಡಕ್ಕೆ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ನಡೆಯುತ್ತಿದ್ದರು. ದೊಡ್ಡಮ್ಮ ನಿಧಾನಿಸಿದರೆ ಅವರೂ ನಿಧಾನಿಸುತ್ತಿದ್ದರು. ಯಾರಾದರೂ ಎದುರಾಗಿ ದಾರಿ ಬಿಡಬೇಕಾದರೆ ಒಂದು ಕ್ಷಣ ಹಿಂದುಳಿದು, ಮತ್ತೆ ಅವಸರದಿಂದ ಎಡಕ್ಕೇ ಬಂದು ಸೇರಿಕೊಳ್ಳುತ್ತಿದ್ದರು. ಮೈದಾನದ ಆ ತುದಿಗೆ ಕೇಳುವಂತೆ ಕೂಗಿ ಅಭ್ಯಾಸವಿದ್ದ ಗಂಟಲು ತಗ್ಗಿಸಿ, ಮಳೆಯ ಬಗ್ಗೆಯೋ ಬೆಲ್ಲದ ಬಗ್ಗೆಯೋ ಏನೋ ಹೇಳುತ್ತ ಹೋಗುತ್ತಿದ್ದರು. ಹಿಂದೆ ಬರುತ್ತಿದ್ದ ನನಗೆ ಮಾತು ಕೇಳಿಸುತ್ತಿರಲಿಲ್ಲ. ದೊಡ್ಡಮ್ಮ ಅವರತ್ತ ತಲೆ ವಾಲಿಸಿ ನಡೆಯುತ್ತಿದ್ದದ್ದು ಮಾತ್ರ ಕಾಣುತ್ತಿತ್ತು.